ಹಕ್ಕಳೆ ಇದ್ದಲ್ಲಿ ಮಾತ್ರ ಕೂದಲು

ಗಂಡಸರು ಸೀರೆ ಉಟ್ಟು ತೋರಿಸುವುದನ್ನು ನೋಡಬೇಕಾದರೆ ಪುಣೆಯ ಸೀರೆ ಅಂಗಡಿಗಳಿಗೆ ಹೋಗಬೇಕು. ಪ್ಯಾಂಟು, ಅಂಗಿಯ ಮೇಲೆಯೇ ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೆರಗನ್ನು ಹೆಗಲಿಗೇರಿಸಿ ಕನ್ನಡಿಯ ಮುಂದೆ ನಿಲ್ಲುತ್ತಾರೆ. ಹೊಸದಾಗಿ ಬಂದ ಹೆಣ್ಣುಮಕ್ಕಳು ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಸ್ವಲ್ಪ ಹೊತ್ತಿಗೆ ಉಟ್ಟವನನ್ನು ಮರೆತು ಸೀರೆಯನ್ನಷ್ಟೇ ನೋಡತೊಡಗುತ್ತಾರೆ. ಹಾಗೆ ಮರೆಯುವಂತೆ ಉಡುವುದೇ ಈ ಕೆಲಸದ ಹದ. ಸದಾಶಿವ ಪೇಠದ ಒಂದು ಹಳೆಯ ಅಂಗಡಿಯಲ್ಲಿ ಆ ಹದ ನಿಜಲಿಂಗಪ್ಪನಿಗೆ ಸಿಕ್ಕಷ್ಟು ಇನ್ನಾರಿಗೂ ಸಿಕ್ಕಿರಲಿಲ್ಲ.

ಅವನು ಅಥಣಿಯ ಕಡೆಯವನು. ಮೀಸೆ ಮೂಡುವ ವಯಸ್ಸಿಗೆ ದೂರದ ಸಂಬಂಧಿಕರೊಬ್ಬರ ಬೆನ್ನು ಹತ್ತಿ ಪುಣೆಗೆ ಬಂದ. ಅಂಗಡಿಯ ಹಳೆಯ ಸೇಠರು ಅವನ ಸಣಕಲು ಮೈ, ಇಳಿಜಾರು ಹೆಗಲು ನೋಡಿ, "ಇವನ ಮೇಲೆ ಸೀರೆ ಚೆನ್ನಾಗಿ ನಿಲ್ಲುತ್ತದೆ" ಎಂದು ಗಾದಿಯ ಮೇಲೆ ಕೂರಿಸಿದರು. ಮರಾಠಿಯನ್ನು ಅವನು ಕಲಿತದ್ದೇ ಗಿರಾಕಿಗಳಿಂದ. ಉದ್ದನೆಯ ಹೆಸರು ಅವರ ಬಾಯಲ್ಲಿ ನಿಲ್ಲದೆ 'ಅಪ್ಪಾ' ಎಂದಾಯಿತು. ಕಾಲಕ್ರಮೇಣ ತಾಯಂದಿರು ಹೆಣ್ಣುಮಕ್ಕಳಿಗೆ, "ಅಂಗಡಿಗೆ ಹೋದರೆ ಅಪ್ಪಾನನ್ನೇ ಕೇಳು" ಎಂದು ಹೇಳಿ ಕಳಿಸುವಷ್ಟು ಆ ಹೆಸರು ಬೇರು ಬಿಟ್ಟಿತು.

ಮಗ ರೋಹಿತ ಹುಟ್ಟಿದ ವರ್ಷ ನಿಜಲಿಂಗಪ್ಪನ ಮೊಣಕೈಯಲ್ಲಿ ಮೊದಲ ಕೆಂಪು ಮಚ್ಚೆ ಎದ್ದಿತು. ಅದರ ಮೇಲೆ ಬೆಳ್ಳಗೆ, ಅಭ್ರಕದ ಹಾಗೆ ಪದರುಪದರಾಗಿ ಹಕ್ಕಳೆ. ಆಮೇಲೆ ಮೊಣಕಾಲು, ಸೊಂಟ, ಕೊನೆಗೆ ತಲೆ. ಡಾಕ್ಟರು ಅದಕ್ಕೆ ಸೋರಿಯಾಸಿಸ್ ಎಂದರು. ಅಂಟುವುದಿಲ್ಲ, ಆದರೆ ಪೂರ್ತಿ ಹೋಗುವುದೂ ಇಲ್ಲ ಎಂದರು. ನಿಜಲಿಂಗಪ್ಪ ಅದರ ಜೊತೆ ಬದುಕುವುದನ್ನು ಕಲಿತ. ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ. ಕೂರುವ ಗಾದಿಯ ಹೊದಿಕೆ ಬಿಳಿಯದಾಗಿದ್ದುದು ಅವನ ಪುಣ್ಯ, ಉದುರಿದ್ದು ಕಾಣುತ್ತಿರಲಿಲ್ಲ. ಹಣೆಯ ಅಂಚಿಗೆ ಹಕ್ಕಳೆ ಇಳಿದ ಮೇಲೆ ಬೆಳಗಿನ ವಿಭೂತಿಯ ಪಟ್ಟೆಗಳನ್ನು ಅಗಲ ಮಾಡಿದ. ಹುಬ್ಬಿನ ಮೇಲೆ ಬಿಳಿಯ ಪುಡಿ ಬಿದ್ದಿದ್ದರೆ ವಿಭೂತಿ ಉದುರಿದೆ ಎಂದು ಜನ ತಿಳಿಯಲಿ ಎಂದು. ದೇವರ ಮುಂದೆ ಕೂತು ಹಚ್ಚಿಕೊಳ್ಳುವುದರಲ್ಲಿ ಹೀಗೊಂದು ಲೆಕ್ಕಾಚಾರ ಸೇರಿತಲ್ಲ ಎಂದು ಅವನಿಗೆ ಒಳಗೊಳಗೇ ಅಳುಕು. ಆದರೂ ಬಿಡಲಿಲ್ಲ.

ಒಂದು ದಸರೆಯ ಹಿಂದಿನ ವಾರ ನಿಗಡಿಯ ಅವನ ಮನೆ ಹತ್ತಿರದ ಕ್ಷೌರಿಕ ದೇವದಾಸ್ ಗಡ್ಡಕ್ಕೆ ಸಾಬೂನು ಹಚ್ಚುತ್ತಿದ್ದವನು ಕೈ ನಿಲ್ಲಿಸಿದ. ದವಡೆಯ ಕೆಳಗೆ ಬೆರಳಿನಿಂದ ಒತ್ತಿ ನೋಡಿ, "ಇಲ್ಲಿ ಚಾಯಿ ಬಿದ್ದಿದೆ, ಅಪ್ಪಾ" ಎಂದ. ಕೂದಲು ದುಂಡಗೆ ಮಾಯವಾಗುವುದಕ್ಕೆ ಆ ಊರಿನ ಹೆಸರು ಅದು. ಆ ಜಾಗದಲ್ಲಿ ಹಕ್ಕಳೆ ಇರಲಿಲ್ಲ, ಕೆಂಪೂ ಇರಲಿಲ್ಲ. ಹುಟ್ಟಿದಾಗಿನಿಂದ ಅಲ್ಲಿ ಕೂದಲೇ ಇರಲಿಲ್ಲವೋ ಎಂಬಷ್ಟು ನುಣುಪಾಗಿತ್ತು. ದೇವದಾಸ್ ಈರುಳ್ಳಿಯ ರಸ ತಿಕ್ಕಲು ಹೇಳಿದ. ನಿಜಲಿಂಗಪ್ಪ ತಿಕ್ಕಿದ. ಪಕ್ಕದಲ್ಲೇ ಇನ್ನೊಂದು ದುಂಡಗೆ ಬಿತ್ತು.

ಅಲ್ಲಿಂದ ಮುಂದೆ ಎಲ್ಲವೂ ಬೇಗ ಬೇಗ ಆಯಿತು. ಗಡ್ಡ ಹೋಯಿತು. ಮೀಸೆಯ ಒಂದು ಬದಿ ಹೋಗಿ, ಉಳಿದ ಬದಿಯನ್ನು ಅವನೇ ಬೋಳಿಸಿಕೊಂಡ. ಸ್ನಾನ ಮಾಡುವಾಗ ತಲೆಯ ಕೂದಲು ಕೈಗೆ ಬರುತ್ತಿತ್ತು. ಬಾತ್‌ರೂಮಿನ ಜಾಲರಿಯಲ್ಲಿ ತುಂಬಿದ್ದನ್ನು ಹೆಂಡತಿ ನೀತಾ ಸದ್ದಿಲ್ಲದೆ ತೆಗೆದು ಎಸೆಯುತ್ತಿದ್ದಳು. ಹುಬ್ಬು ತೆಳುವಾಯಿತು, ಆಮೇಲೆ ಇಲ್ಲವಾಯಿತು. ಕಣ್ಣಿನ ರೆಪ್ಪೆಗೂದಲೂ ಉದುರಿದಾಗ ಬಸ್ಸಿನ ಕಿಟಕಿಯ ಧೂಳೆಲ್ಲ ನೇರವಾಗಿ ಕಣ್ಣಿಗೆ ಬೀಳತೊಡಗಿತು. ಒಂದು ಬೆಳಗ್ಗೆ ರೋಹಿತ ಕನ್ನಡಿಯ ಮುಂದೆ ನಿಂತು, ಬೆರಳುಗಳಿಂದ ತನ್ನ ತಲೆಗೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿ ನೋಡಿಕೊಳ್ಳುತ್ತಿದ್ದುದನ್ನು ನಿಜಲಿಂಗಪ್ಪ ಬಾಗಿಲಲ್ಲಿ ನಿಂತು ಕಂಡ. ಮಗನಿಗೆ ತಾನು ಕಂಡದ್ದು ಗೊತ್ತಾಗದಿರಲಿ ಎಂದು ಹಿಂದಕ್ಕೆ ಸರಿದ. ಚಾಕಣದ ಕಾರ್ಖಾನೆಗೆ ಹೋಗುವ ಹುಡುಗ, ಇಪ್ಪತ್ತೆರಡು ದಾಟಿಲ್ಲ.

ದೊಡ್ಡ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ಡಾಕ್ಟರ್ ಶರ್ವರಿ ಎಂಬವರಿದ್ದರು. ಧಾರವಾಡದ ಕಡೆಯವರು. ಇವನ ಊರು ಕೇಳಿದ ಕೂಡಲೇ ಕನ್ನಡಕ್ಕೆ ಬಂದರು.

"ಕೂಡ್ರಿ ನಿಜಲಿಂಗಪ್ಪನವರ. ತಲಿ ಸ್ವಲ್ಪ ಬಗ್ಗಸ್ರಿ."

ಅವನು ತಲೆ ಬಗ್ಗಿಸಿದ. ಡಾಕ್ಟರು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಸಣ್ಣ ದೀಪವಿದ್ದ ಮಸೂರ ಹಿಡಿದು ಮತ್ತೆ ನೋಡಿದರು.

"ಇದನ್ನ ನೀವು ಗಮನಿಸೀರೇನು? ತಲಿ ಎಲ್ಲಾ ಬೋಳಾಗ್ಯದ. ಆದ್ರ ಹಿಂದ, ಹಕ್ಕಳಿ ದಪ್ಪ ಅದ ಅಲ್ಲ, ಅಷ್ಟ ಜಾಗಾದಾಗ ಕೂದಲ ಹಂಗ ಉಳದಾವ."

ಅವನು ಗಮನಿಸಿರಲಿಲ್ಲ. ತಲೆಯ ಹಿಂಭಾಗವನ್ನು ಯಾರು ನೋಡಿಕೊಳ್ಳುತ್ತಾರೆ? ಡಾಕ್ಟರು ಅವನದೇ ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದರು. ಹೊಳೆಯುವ ಬೋಳು ತಲೆ. ಅದರ ಹಿಂದೆ, ಎರಡೂ ಕಿವಿಗಳ ನಡುವೆ, ಅಂಗೈ ಅಗಲದ ಒರಟು ಬಿಳಿ ಪಟ್ಟಿ. ಆ ಪಟ್ಟಿಯ ಒಳಗಿನಿಂದ ಮಾತ್ರ ಕಪ್ಪು ಕೂದಲು ಎದ್ದು ನಿಂತಿತ್ತು.

"ಎರಡೂ ಒಂದ ಜಾತಿ ಬ್ಯಾನಿ," ಎಂದು ಶರ್ವರಿ ಹೇಳಿದರು. "ಹೊರಗಿನ ರೋಗದ ಜೋಡಿ ಹೊಡದಾಡೋ ಕಣಗಳು ನಮ್ಮ ರಕ್ತದಾಗ ಇರ್ತಾವ. ನಿಮ್ಮಲ್ಲಿ ಅವಕ್ಕ ಗುರುತು ತಪ್ಪ್ಯದ. ಒಂದ ಕಡೆ ಚರ್ಮದ ಮ್ಯಾಲೆ ಬಿದ್ದಾವ, ಅಲ್ಲಿ ಚರ್ಮ ಗಡಿಬಿಡಿಲೇ ಬೆಳದು ಹಕ್ಕಳಿ ಆಗತದ. ಇನ್ನೊಂದ ಕಡೆ ಕೂದಲದ ಬೇರಿನ ಮ್ಯಾಲೆ. ಅದಕ್ಕ ಅಲೋಪೇಶಿಯಾ ಅರಿಯಾಟಾ ಅಂತಾರ. ಒಂದು ಇದ್ದವರಿಗೆ ಇನ್ನೊಂದು ಬರೋದು ಬಾಕಿ ಮಂದಿಗಿಂತ ಸ್ವಲ್ಪ ಜಾಸ್ತಿನ."

"ಮತ್ತ ಹಕ್ಕಳಿ ಇದ್ದಲ್ಲಿ ಕೂದಲ ಯಾಕ ಉಳದದ್ರಿ?"

"ಅದು ಭಾಳ ಅಪರೂಪ. ಒಂದು ಬ್ಯಾನಿ ಕೂತ ಜಾಗಾದಾಗ ಇನ್ನೊಂದಕ್ಕ ಕೂಡಲಿಕ್ಕೆ ಆಗಿಲ್ಲ ಅನ್ನೋಹಂಗ ಕಾಣಸ್ತದ. ಯಾಕ ಅಂತ ಖಾತ್ರಿಯಾಗಿ ನಮಗೂ ಗೊತ್ತಿಲ್ಲ."

ಅವರು ಪಕ್ಕದ ಕೋಣೆಯಿಂದ ಕಲಿಯುತ್ತಿದ್ದ ಡಾಕ್ಟರುಗಳನ್ನು ಕರೆದರು. ಒಬ್ಬೊಬ್ಬರಾಗಿ ಬಂದು ನೋಡಿದರು, ಕೆಲವರು ಮುಟ್ಟಿದರು. ಬೇರೆಯವರ ಕೈ ತನ್ನ ತಲೆ ಮುಟ್ಟಿ ಎಷ್ಟು ಕಾಲವಾಗಿತ್ತು ಎಂದು ನಿಜಲಿಂಗಪ್ಪ ಯೋಚಿಸಿದ. ದೇವದಾಸ್ ಕೂಡ ಈಗ ಕೂದಲಿಲ್ಲವೆಂದು ಕರೆಯುತ್ತಿರಲಿಲ್ಲ. ಇಷ್ಟು ಜನ ಇಷ್ಟು ಆಸಕ್ತಿಯಿಂದ ಹತ್ತಿರ ಬಂದದ್ದು ಒಂದು ಕಡೆ ಹಿತವಾಗಿತ್ತು. ಇನ್ನೊಂದು ಕಡೆ, ಗಾದಿಯ ಮೇಲೆ ಬಿಡಿಸಿಟ್ಟ ಬಟ್ಟೆಯನ್ನು ಬೆರಳಿಂದ ಉಜ್ಜಿ ನೋಡುವ ಗಿರಾಕಿಗಳ ನೆನಪಾಗಿ ಮುಖ ಬಿಸಿಯಾಯಿತು.

ಡಾಕ್ಟರು ಹಕ್ಕಳೆಗೆ ಮುಲಾಮು ಬರೆದುಕೊಟ್ಟರು. ಜೊತೆಗೆ ಒಂದು ಮಾತು ಹೇಳಿದರು: "ಹಕ್ಕಳಿ ಹೋದ್ರ ಆ ಕೂದಲೂ ಹೋದಾವು. ಹೇಳಲಿಕ್ಕೆ ಬರೂದಿಲ್ಲ. ಮೊದಲ ಹೇಳಿರಬೇಕು ಅಂತ ಹೇಳೀನಿ."

ಹಾಗೆಯೇ ಆಯಿತು. ಬಲಗಿವಿಯ ಹಿಂದೆ ಸ್ವಲ್ಪ ಜಾಗಕ್ಕೆ ಹಚ್ಚಿದ. ಹಕ್ಕಳೆ ಕರಗಿತು, ಚರ್ಮ ತಿಳಿಯಾಯಿತು. ಇನ್ನೇನು ಗೆದ್ದೆ ಅನ್ನುವಷ್ಟರಲ್ಲಿ ಅಲ್ಲಿನ ಕೂದಲು ದಿಂಬಿನ ಮೇಲೆ ಬಿತ್ತು. ಅಂದಿನಿಂದ ಅವನು ಟ್ಯೂಬನ್ನು ಮುಟ್ಟಲಿಲ್ಲ.

ಸಂಕ್ರಾಂತಿ ಬಂತು. ಪುಣೆಯಲ್ಲಿ ಆ ಹಬ್ಬಕ್ಕೆ ಕರಿ ಸೀರೆ. ಹೊಸ ಸೊಸೆಗೆ ಮೊದಲ ಸಂಕ್ರಾಂತಿಯಲ್ಲಿ ಚಂದ್ರಕಳಾ ಎಂಬ ಕರಿ ಸೀರೆ ಕೊಡಿಸಬೇಕು. ಕೊಂಢವಾ ಬಡಾವಣೆಯಿಂದ ಅತ್ತೆ ಸೊಸೆ ಇಬ್ಬರು ಬಂದು, "ಅಪ್ಪಾ ಎಲ್ಲಿ?" ಎಂದು ಕೇಳಿದರು. ಅತ್ತೆ ಹಳೆಯ ಗಿರಾಕಿ. ನಿಜಲಿಂಗಪ್ಪನ ಮುಖ ನೋಡಿ ಒಂದು ಕ್ಷಣ ಗುರುತು ಸಿಗದೆ ತಡವರಿಸಿ, ಕೂಡಲೇ ನಕ್ಕರು. ಅವನು ಕರಿ ಸೀರೆ ಬಿಡಿಸಿದ, ನೆರಿಗೆ ಹಿಡಿದ, ಸೆರಗು ಹೆಗಲಿಗೆ ಹಾಕಿಕೊಂಡ. ಹಿಂಬದಿಯ ನಕ್ಷತ್ರದಂಥ ಬುಟ್ಟಾ ಕಾಣಲೆಂದು ಕನ್ನಡಿಯ ಕಡೆ ಕತ್ತು ತಿರುಗಿಸಿದ. ತಿರುಗಿಸಿದ್ದೇ ತಪ್ಪಾಯಿತು. ತಲೆಯ ಹಿಂದಿನ ಪಟ್ಟಿಯಿಂದ ಬಿಳಿಯ ಹಕ್ಕಳೆಗಳು ಕರಿ ಸೆರಗಿನ ಮೇಲೆ ಇಳಿದವು. ಸೊಸೆ ಅದೂ ಬುಟ್ಟಾ ಎಂದುಕೊಂಡು ಮುಟ್ಟಲು ಕೈ ಚಾಚಿದವಳು, ಗೊತ್ತಾಗಿ ಕೈ ಹಿಂದಕ್ಕೆ ಎಳೆದುಕೊಂಡಳು.

ಅತ್ತೆ ಮೃದುವಾಗಿಯೇ ಕೇಳಿದರು. "ಇದೇ ಬೇಕು. ಆದರೆ ಬಿಚ್ಚದೇ ಇರುವುದು ಒಳಗೆ ಇದ್ದರೆ ಕೊಡಿ."

"ಇದು ಅಂಟುವುದಲ್ಲ, ಬಾಯಿಯವರೇ," ಎಂದ ನಿಜಲಿಂಗಪ್ಪ. ಇಷ್ಟು ವರ್ಷಗಳಲ್ಲಿ ಗಿರಾಕಿಯ ಮುಂದೆ ಆ ಮಾತು ಆಡಿದ್ದು ಅದೇ ಮೊದಲು.

"ಗೊತ್ತು, ಗೊತ್ತು. ಆದರೂ."

ಬಿಚ್ಚದ ಸೀರೆ ಬಂತು. ಅವರು ತೆಗೆದುಕೊಂಡು ಹೋದರು. ಯಾರೂ ದನಿ ಏರಿಸಲಿಲ್ಲ, ಯಾರೂ ಕೆಟ್ಟ ಮಾತಾಡಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಋಷಿಕೇಶ ಮಾತ್ರ ಎಲ್ಲವನ್ನೂ ನೋಡಿದ್ದ. ಹಳೆಯ ಸೇಠರ ಮಗ ಅವನು, ಈಗ ಅಂಗಡಿ ಅವನದೇ. ಸಂಜೆ ಕ್ಯಾಬಿನ್ನಿಗೆ ಕರೆದು, ಚಹಾ ತರಿಸಿ ಕುಡಿಸಿದ.

"ಅಪ್ಪಾ, ನಾನು ಚಿಕ್ಕವನಿದ್ದಾಗ ನಿಮ್ಮ ಗಾದಿಯ ಮೇಲೆ ಮಲಗಿ ಬೆಳೆದವನು. ನಿಮ್ಮನ್ನು ಕೆಲಸ ಬಿಡಿ ಅನ್ನುವುದಿಲ್ಲ, ಆ ಮಾತೇ ಇಲ್ಲ. ಕೆಲವು ದಿನ ಕೆಳಗೆ ಸ್ಟಾಕ್ ನೋಡಿಕೊಳ್ಳಿ. ಆ ಹಕ್ಕಳೆಯೊಂದು ಹೋಗಲಿ, ನೀವೇ ಮೇಲೆ ಬನ್ನಿ. ಬೋಳು ತಲೆಗೆ ಏನಂತೆ? ನನ್ನ ತಂದೆಯೂ ಬೋಳೇ ಇದ್ದರು."

ಬೈದಿದ್ದರೆ ತಿರುಗಿ ಬೈದು ಹೊರಗೆ ಬರಬಹುದಿತ್ತು. ಚಹಾ ಕುಡಿಸಿದವನಿಗೆ ಏನೆಂದು ಬೈಯುವುದು? ನಿಜಲಿಂಗಪ್ಪ ಕೆಳಗೆ ಇಳಿದ.

ತಳಮನೆಗೆ ಕಿಟಕಿ ಇರಲಿಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅದರ ತುಂಬ ಸೀರೆ, ನಡುವೆ ಒಬ್ಬ ಮನುಷ್ಯ ಅಡ್ಡವಾಗಿ ನಡೆಯುವಷ್ಟು ಜಾಗ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬೆಳಗ್ಗೆ ಯಾವುದು, ಸಂಜೆ ಯಾವುದು ತಿಳಿಯುತ್ತಿರಲಿಲ್ಲ. ಹೊಸ ಬಟ್ಟೆಯ ಗಂಜಿಯ ವಾಸನೆ, ನುಸಿಗುಳಿಗೆಯ ವಾಸನೆ. ಮೇಲೆ ಗಿರಾಕಿಗಳು ಓಡಾಡುವ ಸದ್ದು ಸೂರಿನ ಮೂಲಕ ಕೇಳುತ್ತಿತ್ತು. ಇಂಟರ್‌ಕಾಮಿನಲ್ಲಿ, "ಅಪ್ಪಾ, ಸಾಸಿವೆ ಬಣ್ಣದ ಪೈಠಣಿ ಕಳಿಸಿ" ಎಂದು ದನಿ ಬರುತ್ತಿತ್ತು. ಅವನು ತೆಗೆದು ಡಬ್ಬಿಯಂಥ ಸಣ್ಣ ಲಿಫ್ಟಿನಲ್ಲಿ ಇಟ್ಟು ಗುಂಡಿ ಒತ್ತುತ್ತಿದ್ದ. ಸೀರೆ ಮೇಲೆ ಹೋಗುತ್ತಿತ್ತು. ಬೇರೆ ಅಂಗಡಿ ಹುಡುಕಲೇ ಎಂದು ಎಷ್ಟೋ ಸಲ ಅನ್ನಿಸಿತು. ಹುಬ್ಬಿಲ್ಲದ, ರೆಪ್ಪೆಯಿಲ್ಲದ ಮುಖ ಹೊತ್ತು, ತಲೆಯಿಂದ ಹಕ್ಕಳೆ ಉದುರಿಸುತ್ತ ಯಾರ ಬಾಗಿಲಿಗೆ ಹೋಗಿ ಸೀರೆ ಉಡುತ್ತೇನೆ ಎನ್ನುವುದು? ಈ ಅಂಗಡಿಯವರಾದರೂ ಅವನು ಮೊದಲು ಹೇಗಿದ್ದ ಎಂದು ಬಲ್ಲವರು.

ನೀತಾ ಮನೆಯಲ್ಲಿ ಕೂತು ಅದೇ ಅಂಗಡಿಯ ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದಳು. ಒಂದು ದಿನ ಹೊಲಿದದ್ದನ್ನು ಕೊಡಲು ಬಂದವಳಿಗೆ ಮೇಲಿನವರು, "ಕೆಳಗೇ ಇದ್ದಾರೆ, ಹೋಗಿ. ಹಕ್ಕಳೆ ಹೋಗುವ ತನಕ ಅಲ್ಲಿರಿ ಎಂದು ಸೇಠ್ ಹೇಳಿದ್ದಾರೆ" ಎಂದರು. ಗಂಡ ಕೆಳಗೆ ಹೋಗಿ ಎಷ್ಟೋ ವಾರ ಕಳೆದಿತ್ತು, ಅವಳಿಗೆ ಹೇಳಿಯೇ ಇರಲಿಲ್ಲ. ಮೆಟ್ಟಿಲಿಳಿದು ಬಂದು, ಕಪಾಟುಗಳ ನಡುವೆ ಸ್ಟೂಲಿನ ಮೇಲೆ ಕೂತವನನ್ನು ಕಂಡಳು. ಗಂಟು ಇಟ್ಟು ಹೊರಟುಹೋದಳು. ರಾತ್ರಿ ಅವನು ಮನೆಗೆ ಬಂದಾಗ ಮೇಜಿನ ಮೇಲೆ ಮುಲಾಮಿನ ಟ್ಯೂಬು ಇತ್ತು.

"ಇದು ತುಂಬಿದ್ದು ತುಂಬಿದಂಗ ಅದರಿ. ನಾನು ದಿನಾ ಹಚ್ಚಿಕೋತೀರಿ ಅಂತ ತಿಳಕೊಂಡಿದ್ದೆ."

"ಹಚ್ಚತೇನಿ."

"ಯಾವಾಗ? ಶೇಠ ಏನ ಹೇಳ್ಯಾರ? ಹಕ್ಕಳಿ ಹೋದ್ರ ಮ್ಯಾಲೆ ಬರ್ರಿ ಅಂದಾರ ಹೌದಿಲ್ಲೋ? ಔಷಧ ಕೈಯಾಗ ಇಟ್ಕೊಂಡು ಆ ಹಗೇವದಂಥ ತಗ್ಗಿನ್ಯಾಗ ಯಾಕ ಕುಂತೀರಿ?"

ನಿಜಲಿಂಗಪ್ಪ ಟ್ಯೂಬನ್ನು ಮೇಜಿನ ಆಚೆಗೆ ಸರಿಸಿದ. ಅವಳು ಬಿಡಲಿಲ್ಲ. ಕೊನೆಗೆ ಅವನು, "ಹಚ್ಚಿದ್ರ ಕೂದಲ ಹೋಗತಾವ" ಎಂದ.

"ಯಾವ ಕೂದಲರಿ?"

"ಹಿಂದಿನವು."

ನೀತಾ ಅವನ ಬೆನ್ನ ಹಿಂದೆ ಬಂದು ನೋಡಿದಳು. "ಇಷ್ಟ? ಇದನ್ನ ಯಾರಿಗೆ ತೋರಸ್ಬೇಕಾಗ್ಯದ?"

"ಯಾರಿಗೂ ಅಲ್ಲ. ಮೈಮ್ಯಾಲೆ ನಂದು ಅನ್ನೋ ಕೂದಲ ಅಷ್ಟ ಉಳದಾವ. ಅವನ್ನ ನನ್ನ ಕೈಲೇ ನಾ ಹೆಂಗ ಕಳಕೊಳ್ಳಲಿ?"

ಹೇಳಿದ ಮೇಲೆ ಅವನಿಗೇ ಅದು ಹುಚ್ಚುಮಾತಿನಂತೆ ಕೇಳಿಸಿತು. ದಿಂಬಿಗೆ ರಕ್ತ ಹತ್ತುವಷ್ಟು ಕೆರೆಯುವ, ಅಂಗಡಿಯಲ್ಲಿ ಮರ್ಯಾದೆ ಕಳೆದ ಆ ಹೊಲಸು ಪಟ್ಟಿಯನ್ನೇ ಅವನು ಕಾಯುತ್ತಿದ್ದ. ಬಸ್ಸಿನಲ್ಲಿ ಯಾರೂ ನೋಡದಾಗ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಒರಟು ಹಕ್ಕಳೆಯ ನಡುವೆ ಕೂದಲಿನ ಸ್ಪರ್ಶ ಸಿಕ್ಕರೆ ಸಮಾಧಾನ. ನೀತಾ ಟ್ಯೂಬನ್ನು ಅವನ ಕೈಗಿಟ್ಟು, "ನನಗ ನೀವು ಮ್ಯಾಲೆ ಬರಬೇಕರಿ. ಕೂದಲ ಇರಲಿ ಬಿಡಲಿ," ಎಂದಳು.

ಮರುದಿನದಿಂದ ಅವನು ಹಚ್ಚತೊಡಗಿದ. ತಲೆಗೆ, ಮೊಣಕೈಗೆ, ಹೇಳಿದ ಹಾಗೆ, ಒಂದು ದಿನ ತಪ್ಪಿಸದೆ. ಹೋಳಿಯ ಹೊತ್ತಿಗೆ ಹಕ್ಕಳೆ ಹೋಯಿತು. ಕೂದಲೂ ಹೋಯಿತು. ಕೊನೆಯದು ಟವೆಲ್ಲಿಗೆ ಅಂಟಿ ಬಂದ ದಿನ ಅವನು ಅದನ್ನು ಕಿಟಕಿಯಾಚೆ ಕೊಡವಿದ. ಯುಗಾದಿಗೆ ನೀತಾ ಅರ್ಧ ತೋಳಿನ ಅಂಗಿ ತಂದಳು. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಅವನು ಅರ್ಧ ತೋಳು ತೊಟ್ಟಿರಲಿಲ್ಲ. ಅದನ್ನೇ ತೊಟ್ಟು ಋಷಿಕೇಶನ ಕ್ಯಾಬಿನ್ನಿಗೆ ಹೋಗಿ, ಎರಡೂ ಕೈ ಮುಂದೆ ಚಾಚಿ ನಿಂತ.

"ಅರೆ, ಪೂರ್ತಿ ಸ್ವಚ್ಛ!" ಎಂದು ಋಷಿಕೇಶ ನಿಜವಾಗಿ ಸಂತೋಷಪಟ್ಟ. ಅವನ ಕಣ್ಣು ಕೈಯಿಂದ ಮುಖಕ್ಕೆ ಬಂತು. ಅಲ್ಲಿ ಸ್ವಲ್ಪ ಹೊತ್ತು ನಿಂತು, ಮೇಜಿನ ಮೇಲಿನ ಕಾಗದಗಳಿಗೆ ಇಳಿಯಿತು. "ಒಳ್ಳೆಯದಾಯಿತು, ಅಪ್ಪಾ. ಈಗ ಲಗ್ನದ ದಿನಗಳ ಗಡಿಬಿಡಿ. ಇದೊಂದು ಮುಗಿಯಲಿ. ಆ ಹುಬ್ಬಿನದು ಏನಾದರೂ ಮಾಡಲಿಕ್ಕೆ ಬರುತ್ತದೆಯೇ ಡಾಕ್ಟರನ್ನು ಕೇಳಿ. ಗಿರಾಕಿಗಳು ಮುಖ ನೋಡಿ ಮಾತಾಡುತ್ತಾರಲ್ಲ, ಅದಕ್ಕೇ ಹೇಳಿದೆ. ತಪ್ಪು ತಿಳಿಯಬೇಡಿ."

"ಹಕ್ಕಳೆ ಹೋದರೆ ಬನ್ನಿ ಅಂದಿದ್ದಿರಿ."

"ಅಂದಿದ್ದೆ. ಬನ್ನಿ, ಯಾರು ಬೇಡ ಅಂದರು? ಸ್ವಲ್ಪ ದಿನ ಅಷ್ಟೇ."

ಅಂದು ಕೆಳಗೆ ಬಂದು ಸ್ಟೂಲಿನ ಮೇಲೆ ಕೂತವನಿಗೆ, ಇಷ್ಟು ದಿನ ಬಾಗಿಲು ಒಂದಿದೆ, ಅದಕ್ಕೊಂದು ಬೀಗವಿದೆ, ಕೈಯಲ್ಲಿ ಕೀಲಿಯೂ ಇದೆ ಎಂದು ತಾನು ನಂಬಿದ್ದು ಸುಳ್ಳೆನಿಸಿತು. ಹಕ್ಕಳೆ ಇದ್ದರೆ ಹಕ್ಕಳೆ ಅನ್ನುತ್ತಾರೆ. ಹೋದರೆ ಹುಬ್ಬು ಅನ್ನುತ್ತಾರೆ. ಮನೆಯಲ್ಲಿ ನೀತಾ ತನ್ನ ಕಾಡಿಗೆಯ ಪೆನ್ಸಿಲ್ಲಿನಿಂದ ಅವನಿಗೆ ಹುಬ್ಬು ಬರೆದಳು. ಒಂದು ಮೇಲೆ, ಒಂದು ಕೆಳಗೆ ಆಯಿತು. ಇಬ್ಬರೂ ನಕ್ಕರು. ಮರುದಿನ ಅದನ್ನೇ ಇನ್ನಷ್ಟು ನಾಜೂಕಾಗಿ ಬರೆಸಿಕೊಂಡು ಹೊರಟ. ಬಸ್ಸಿನ ಬೆವರಿಗೆ ಶಿವಾಜಿನಗರ ಬರುವಷ್ಟರಲ್ಲಿ ಕಪ್ಪು ಕಣ್ಣಿಗಿಳಿದು ಉರಿಯತೊಡಗಿತು. ಕರ್ಚೀಫಿನಿಂದ ಒರೆಸಿಕೊಂಡ. ಮತ್ತೆ ಬರೆಸಿಕೊಳ್ಳಲಿಲ್ಲ.

ಡಾಕ್ಟರ್ ಶರ್ವರಿ ಎರಡಕ್ಕೂ ಕೆಲಸ ಮಾಡಬಹುದಾದ ಒಂದು ಗುಳಿಗೆಯ ಬಗ್ಗೆ ಹೇಳಿದರು. ಆದರೆ ರಕ್ತ ಪರೀಕ್ಷೆಯಲ್ಲಿ, ಮೈಯಲ್ಲಿ ಮಲಗಿದ್ದ ಹಳೆಯ ಕ್ಷಯದ ಸುಳಿವು ಸಿಕ್ಕಿತು. ತಂದೆಗೆ ಆ ಕಾಯಿಲೆ ಇತ್ತು. ಅವರ ಹಾಸಿಗೆಯ ಪಕ್ಕದಲ್ಲೇ ಇವನು ಮಲಗಿ ಬೆಳೆದದ್ದು.

"ಆ ಗುಳಿಗಿ ಹಂಗ ಚಾಲೂ ಮಾಡಿದ್ರ ಮಲಗಿದ ಕ್ಷಯ ಎದ್ದು ಕೂಡಬಹುದು. ಮೊದಲ ಅದಕ್ಕ ಔಷಧ, ಕೆಲವು ತಿಂಗಳ. ಆಮ್ಯಾಲೆ ಇದು. ಕೂದಲ ಬರತಾವ ಅಂತ ನಾ ಮಾತು ಕೊಡೂದಿಲ್ಲರಿ."

"ಅಲ್ಲೀತನಕ?"

"ಅಲ್ಲೀತನಕ ಕಾಯಬೇಕು. ನೀವು ಎರಡೂ ಕಡೆಯಿಂದ ಸಿಕ್ಕೊಂಡೀರಿ, ನನಗ ಗೊತ್ತದ."

ಯಾರಾದರೂ ಅದನ್ನು ಬಾಯಿಬಿಟ್ಟು ಹೇಳಿದರಲ್ಲ ಎಂದು ಅವನಿಗೆ ಎದೆ ಹಗುರಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಆಮೇಲೆ ಬಸ್ಸು ಹಿಡಿದ.

ಮಳೆಗಾಲದಲ್ಲಿ ಅಂಗಡಿಯವರು ಮೊಬೈಲಿನಲ್ಲಿ ನೇರವಾಗಿ ಸೀರೆ ತೋರಿಸಿ ಮಾರುವುದನ್ನು ಶುರು ಮಾಡಿದರು. ಅದಕ್ಕೆಂದು ಮುಕ್ತಾ ಎಂಬಾಕೆಯನ್ನು ತಂದರು. ಶಾಲೆಗೆ ಹೋಗುವ ಮಗಳಿರುವ ಚುರುಕು ಹೆಂಗಸು, ಮಾತು ಬಾಯ ತುದಿಯಲ್ಲಿ. ಸದ್ದಿಲ್ಲದ ಜಾಗ ಬೇಕೆಂದು ತಳಮನೆಗೇ ಬಂದಳು. ಸೀರೆಯನ್ನು ಕೈಯಲ್ಲಿ ಹಿಡಿದು ತೋರಿಸಿದರೆ ಯಾರೂ ಕೊಳ್ಳಲಿಲ್ಲ. ನೋಡುವವರು ಉಟ್ಟು ತೋರಿಸಿ ಎಂದು ಬರೆದರು. ಮಾತಾಡುವವಳೂ ಅವಳೇ, ಉಡುವವಳೂ ಅವಳೇ ಎಂದರೆ ಆಗದು. ಮುಕ್ತಾ ನಿಜಲಿಂಗಪ್ಪನ ಕಡೆ ನೋಡಿದಳು.

ಅವನು ಉಟ್ಟ. ಎಷ್ಟೋ ತಿಂಗಳ ಮೇಲೆ ಕೈಗೆ ನೆರಿಗೆ ಸಿಕ್ಕಿತು. ಬೆರಳು ಏನನ್ನೂ ಮರೆತಿರಲಿಲ್ಲ. ಮುಕ್ತಾ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಸರಿಪಡಿಸಿ, ಚಾಲೂ ಮಾಡಿದಳು. ಆ ದಿನ ಬಿಡಿಸಿದ ಸೀರೆಯೆಲ್ಲ ಹೋಯಿತು. ಮುಗಿದ ಮೇಲೆ ಅವಳು ತೋರಿಸಿದ ವಿಡಿಯೊದಲ್ಲಿ ಅವನು ತನ್ನನ್ನು ನೋಡಿಕೊಂಡ. ಕಂಠದಿಂದ ಕೆಳಗೆ ಎಲ್ಲವೂ ಇತ್ತು. ಹೆಗಲು, ಸೆರಗು, ತಿಳಿಯಾದ ಕೈಗಳು. ಕಂಠದಿಂದ ಮೇಲೆ ಏನೂ ಇರಲಿಲ್ಲ.

"ಸೇಠ್ ಹೀಗೇ ಇಡಲು ಹೇಳಿದ್ದಾರೆ," ಎಂದಳು ಮುಕ್ತಾ, ಮುಖ ಸಣ್ಣದು ಮಾಡಿಕೊಂಡು.

ಋಷಿಕೇಶ ಪೇಢೆ ಕಳಿಸಿದ. ಕೆಳಗಿನ ವ್ಯಾಪಾರ ಮೇಲಿನದಕ್ಕೆ ಸಮನಾಗಿ ಬೆಳೆಯಿತು. ಅವನ ಕೈ ಚೆನ್ನಾಗಿ ನಡೆದಷ್ಟೂ ಅವನನ್ನು ಮೇಲೆ ಕರೆಯುವ ಕಾರಣ ಕಡಿಮೆಯಾಗುತ್ತ ಹೋಯಿತು. ಇದನ್ನು ನಿಜಲಿಂಗಪ್ಪ ಸೀರೆ ಉಡುತ್ತಲೇ ಅರ್ಥಮಾಡಿಕೊಂಡ. ಸರಿಯಾಗಿ ಉಡದೆ ಬಿಡೋಣವೆಂದು ಒಂದು ದಿನ ನೋಡಿದ. ಕೈ ಒಪ್ಪಲಿಲ್ಲ.

ಆ ತಿಂಗಳೇ ತಂಪಿಗೆ ತಲೆಯ ಹಿಂದೆ ಹಕ್ಕಳೆ ಮರಳಿ ಬಂತು. ಮೊದಲು ಕಂಡವಳು ನೀತಾ. ಬೆರಳಿಂದ ಮುಟ್ಟಿ, "ಒಳಗ ಕೂದಲ ಸಣ್ಣಾಗಿ ಬರಾಕತ್ತಾವರಿ. ಬೆಳ್ಳಗ ಅದಾವ, ಆದ್ರ ಬರಾಕತ್ತಾವ," ಎಂದಳು. ಟ್ಯೂಬು ತರಲೇ ಎಂದು ಅವಳು ಕೇಳಲಿಲ್ಲ. ಸ್ವಲ್ಪ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು, ಹಕ್ಕಳೆ ಒಡೆಯದಂತೆ ಮೆಲ್ಲಗೆ ಸವರಿದಳು.

ಶ್ರಾವಣದ ಒಂದು ಮಂಗಳವಾರ, ನೇರ ಪ್ರಸಾರ ಶುರುವಾಗುವ ಮೊದಲು, ಅವನು ಮುಕ್ತಾಗೆ ಮರಾಠಿಯಲ್ಲಿ, "ಫೋನು ಸ್ವಲ್ಪ ಮೇಲೆ ಮಾಡಿ" ಎಂದ.

"ಸೇಠ್ ನನಗೆ ಬೈಯುತ್ತಾರೆ ಅಪ್ಪಾ."

"ನಾನೇ ಮಾಡಿದೆ ಅನ್ನಿ." ತಾನೇ ಹೋಗಿ ಸ್ಟ್ಯಾಂಡಿನ ತಿರುಪು ಸಡಿಲಿಸಿ, ಎತ್ತಿ ನಿಲ್ಲಿಸಿದ. ಹಸಿರು ಇಳಕಲ್ ಸೀರೆ ಉಟ್ಟು, ಮುಖವೂ ತಲೆಯೂ ಕಾಣುವಂತೆ ನಿಂತ. ತೆರೆಯ ಮೇಲೆ ಜನ ಬರೆಯುತ್ತ ಹೋದರು. ಹೆಚ್ಚಿನವರು ಕೇಳಿದ್ದು ಅಂಚಿನ ಬಗ್ಗೆ, ಬಣ್ಣ ಬಿಡುತ್ತದೆಯೇ ಎಂಬ ಬಗ್ಗೆ. ಒಬ್ಬರು, "ಕಾಕಾಗೆ ಏನಾಗಿದೆ?" ಎಂದು ಕೇಳಿದರು. ಮುಕ್ತಾ ಓದಲು ಹಿಂಜರಿದಳು. ಅವನೇ ಬಗ್ಗಿ ಓದಿ, "ಚಾಯಿ ಬಿದ್ದಿದೆ, ಸೋರಿಯಾಸಿಸ್ಸೂ ಇದೆ. ಯಾರಿಗೂ ಅಂಟುವುದಿಲ್ಲ. ಈಗ ಸೆರಗು ನೋಡಿ," ಎಂದ.

ಋಷಿಕೇಶ ಕೂಗಾಡಲಿಲ್ಲ. ಮರುದಿನ ಮುಕ್ತಾ ಬರುವ ಹೊತ್ತಿಗೆ ಸ್ಟ್ಯಾಂಡು ಮತ್ತೆ ಕೆಳಗಿತ್ತು, ತಿರುಪಿನ ಮೇಲೆ ಟೇಪು ಸುತ್ತಿತ್ತು. ಆದರೆ ಆ ವಾರ ಸುಲಭಾಬಾಯಿ ಎಂಬ ಹಳೆಯ ಗಿರಾಕಿ ಅಂಗಡಿಗೆ ಬಂದು ಗಾದಿಯ ಮುಂದೆ ಕೂತೇಬಿಟ್ಟರು. ಅಪ್ಪಾ ಅಂಗಡಿ ಬಿಟ್ಟಿದ್ದಾರೆ ಎಂದು ತಿಳಿದಿದ್ದೆ, ಮೊಬೈಲಿನಲ್ಲಿ ಕಂಡೆ, ಅವರೇ ತೋರಿಸಲಿ ಎಂದರು. ಇಂಟರ್‌ಕಾಮಿನಲ್ಲಿ ಋಷಿಕೇಶನ ದನಿಯೇ ಬಂತು: "ಅಪ್ಪಾ, ಸ್ವಲ್ಪ ಮೇಲೆ ಬನ್ನಿ."

ಹಗಲಿನ ಬೆಳಕಿಗೆ ರೆಪ್ಪೆಯಿಲ್ಲದ ಕಣ್ಣು ಹೊಂದಿಕೊಳ್ಳಲು ತಡವಾಯಿತು. ಸುಲಭಾಬಾಯಿ ಅವನನ್ನು ಕಣ್ಣು ತುಂಬ ನೋಡಿ, ನೋಡಿದ್ದನ್ನು ಮುಚ್ಚಿಡದೆ, "ನನ್ನ ತಮ್ಮನಿಗೂ ಮೊಣಕಾಲಲ್ಲಿ ಆ ಹಕ್ಕಳೆ ಇದೆ, ನೀವು ಯಾರಿಗೆ ತೋರಿಸುತ್ತೀರಿ?" ಎಂದು ಕೇಳಿದರು. ಅವನು ಡಾಕ್ಟರರ ಹೆಸರು ಹೇಳಿದ. ಆಮೇಲೆ ಸೀರೆ ಬಿಡಿಸಿದ. ಅವರ ಸೊಸೆಗೆ ಯಾವುದು ಒಪ್ಪುತ್ತದೆ, ಯಾವುದು ಭಾರವಾಗುತ್ತದೆ ಎಂದು ಮಾತು ಬೆಳೆಯಿತು. ಬೇಕಾದ್ದನ್ನು ಆರಿಸಿಕೊಂಡು ಅವರು ಎದ್ದು ಹೋದರು.

ಗಾದಿಯ ತುಂಬ ಬಿಡಿಸಿದ ಸೀರೆಗಳಿದ್ದವು. ನಿಜಲಿಂಗಪ್ಪ ಒಂದೊಂದನ್ನೇ ಮಡಚತೊಡಗಿದ. ಅಂಚಿಗೆ ಅಂಚು ಕೂಡಿಸಿ, ಸೆರಗು ಮೇಲೆ ಬರುವ ಹಾಗೆ, ಅವಸರವಿಲ್ಲದೆ. ಬಾಗಿಲಾಚೆ ರಿಕ್ಷಾಗಳು, ಸ್ಕೂಟರುಗಳು, ಮಳೆ ನಿಂತ ರಸ್ತೆ. ಮಡಚಿದ್ದು ಸರಿಯಾಗಿಲ್ಲವೆಂದು ಒಂದನ್ನು ಮತ್ತೆ ಬಿಡಿಸಿ ಮಡಚಿದ. ಗಲ್ಲಾಪೆಟ್ಟಿಗೆಯ ಕಡೆಯಿಂದ ಋಷಿಕೇಶ ಒಂದು ಸಲ ನೋಡಿದ, ಇನ್ನೊಂದು ಸಲ ನೋಡಿದ. ಕೆಳಗೆ ಹೋಗಿ ಎಂದು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಕೊನೆಯ ಸೀರೆ ಮಡಚಿಟ್ಟು ನಿಜಲಿಂಗಪ್ಪ ಎದ್ದ, ಚಪ್ಪಲಿ ಹಾಕಿಕೊಂಡು, ಮೆಟ್ಟಿಲಿಳಿದು ಕೆಳಗೆ ಹೋದ.